ನಿಂತು ನಿಂತು ಸಾಗುವ ಕೆಲಸಕ್ಕೆ ವಿದ್ಯುತ್ ಬೈಕ್

ಸಂಜೆಯ ಹೊತ್ತು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಊಟದ ಪೊಟ್ಟಣ ಹೊತ್ತು ನಿಂತ ಪೆಟ್ರೋಲ್ ಸ್ಕೂಟರ್, ಎಂಜಿನ್ ಆರಿಸದಿದ್ದರೆ, ಒಂದಡಿಯೂ ಸಾಗದೆ ಇಂಧನ ಸುಡುತ್ತಿರುತ್ತದೆ. ಪಕ್ಕದಲ್ಲಿರುವ ವಿದ್ಯುತ್ ಸ್ಕೂಟರಿನ ಮೋಟಾರಿಗೆ ನಿಂತಾಗ ಖರ್ಚೇ ಇಲ್ಲ. ಮನೆಮನೆಗೆ ಸಾಮಾನು ತಲುಪಿಸುವ ಕೆಲಸಕ್ಕೆ ಈ ಗಾಡಿ ಒಗ್ಗುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಬ್ರೇಕ್. ಗಾಡಿ, ಸವಾರ, ಚೀಲ ಎಲ್ಲ ಸೇರಿ 180 ಕಿಲೋ ಎಂದುಕೊಳ್ಳಿ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ 9,000 ಜೂಲ್. ಸಾಮಾನ್ಯ ಬ್ರೇಕ್ ಹಿಡಿದು ನಿಂತರೆ ಇದಿಷ್ಟೂ ಶಾಖವಾಗಿ ಪೋಲಾಗುತ್ತದೆ. ಹೊರಡುವಾಗ ಮತ್ತೆ ಅಷ್ಟೇ ಶಕ್ತಿ ತುಂಬಬೇಕು. ಡೆಲಿವರಿ ಹುಡುಗರ ಪಾಲಿಗೆ ದಿನವಿಡೀ ಇದೇ ಕಥೆ. ಅನೇಕ ವಿದ್ಯುತ್ ಸ್ಕೂಟರ್‌ಗಳಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಜನರೇಟರ್ ಆಗಿ, ಈ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ.

ದಕ್ಷತೆಯ ಅಂತರ ಇನ್ನೂ ದೊಡ್ಡದು. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಕಾಲುಭಾಗಕ್ಕಿಂತ ಕಡಿಮೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತಿನಲ್ಲಾದರೆ ಬಹುಪಾಲು ಚಕ್ರ ತಿರುಗಿಸುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ 100 ಕಿ.ಮೀ.ಗೆ ಸುಮಾರು 2.2 ಲೀಟರ್ ಕುಡಿಯುತ್ತದೆ. ಅದೇ ದೂರಕ್ಕೆ ವಿದ್ಯುತ್ ಸ್ಕೂಟರಿಗೆ ಮೂರು, ಮೂರೂವರೆ ಯೂನಿಟ್ ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಲ್ಲಿದ್ದಲನ್ನೇ ಹೆಚ್ಚು ನಂಬಿರುವ ನಮ್ಮ ದೇಶದ ವಿದ್ಯುತ್ ಬಳಸಿದರೂ ಒಟ್ಟು ಹೊರಸೂಸುವಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಾವಗಡದ ಬಿಸಿಲು, ಶರಾವತಿಯ ನೀರು ಕೊಡುವ ವಿದ್ಯುತ್ತಿನ ಪಾಲು ಹೆಚ್ಚಿದಷ್ಟೂ ಅದು ಇನ್ನೂ ತಗ್ಗುತ್ತದೆ.

ಹಾಗಾದರೆ ತೊಡಕೆಲ್ಲಿ? ಸಮಯದಲ್ಲಿ. ಪೆಟ್ರೋಲ್ ತುಂಬಿಸಲು ಕೆಲವೇ ನಿಮಿಷ ಸಾಕು, ಬ್ಯಾಟರಿ ತುಂಬಲು ಗಂಟೆಗಳೇ ಬೇಕು. ಆರ್ಡರ್ ಲೆಕ್ಕದಲ್ಲಿ ದುಡಿಯುವವರಿಗೆ ಆ ಗಂಟೆಗಳೆಂದರೆ ಕೈತಪ್ಪಿದ ಸಂಪಾದನೆ. ಆತುರಕ್ಕೆ ವೇಗವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಅಯಾನ್ ಕೋಶಗಳು ಬಿಸಿಯೇರುತ್ತವೆ. ಬಿಸಿಯಲ್ಲಿ ಕೋಶದೊಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಬ್ಯಾಟರಿ ಬೇಗ ಸವೆಯುತ್ತದೆ.

ಇದಕ್ಕೆ ಕಂಡುಕೊಂಡ ದಾರಿ ಬ್ಯಾಟರಿ ವಿನಿಮಯ. ಖಾಲಿ ಗ್ಯಾಸ್ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಪಡೆಯುವ ಹಾಗೆ, ಬರಿದಾದ ಬ್ಯಾಟರಿ ಇಟ್ಟು ಚಾರ್ಜ್ ಆದದ್ದನ್ನು ಸಿಕ್ಕಿಸಿಕೊಂಡು ಹೊರಡುವುದು. ಬೆಂಗಳೂರಿನಲ್ಲಿ ಸನ್ ಮೊಬಿಲಿಟಿಯಂಥ ಕಂಪನಿಗಳು ಇಂಥ ಕೇಂದ್ರಗಳನ್ನು ನಡೆಸುತ್ತಿವೆ. ಸವಾರ ಕಾಯಬೇಕಿಲ್ಲವಾದ್ದರಿಂದ ಬ್ಯಾಟರಿಯನ್ನು ಹದವಾದ ಉಷ್ಣತೆಯಲ್ಲಿ ನಿಧಾನವಾಗಿ ಚಾರ್ಜ್ ಮಾಡಲು ಅವಕಾಶವಿದೆ. ಅದು ಹಳತಾದಾಗಿನ ನಷ್ಟವೂ ಸವಾರನ ಮೇಲೆ ಬೀಳುವುದಿಲ್ಲ.

ಯುಲುವಿನಂಥ ಬಾಡಿಗೆ ಬೈಕುಗಳು ಇನ್ನೊಂದು ಬಾಗಿಲು ತೆರೆದಿವೆ. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ., ಮೋಟಾರಿನ ಸಾಮರ್ಥ್ಯ 250 ವ್ಯಾಟ್ ಮೀರದ ಇಂಥ ಗಾಡಿಗಳಿಗೆ ಚಾಲನಾ ಪರವಾನಗಿ ಬೇಡ. ಕೈಯಲ್ಲಿ ಬಂಡವಾಳವಿಲ್ಲದೆ ಊರಿಂದ ಬಂದವರೂ ಕೆಲಸ ಶುರುಮಾಡಬಹುದು. ಆದರೆ ಕಾನೂನು ಕೇಳದಿದ್ದರೂ ಹೆಲ್ಮೆಟ್ ಇರಲೇಬೇಕು. ಬೈಕು ಸಣ್ಣದೆಂದು ಬಿದ್ದ ಪೆಟ್ಟು ಸಣ್ಣದಾಗುವುದಿಲ್ಲ.

ತಂತ್ರಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. ಇನ್ನು ವಿನಿಮಯ ಕೇಂದ್ರಗಳು ಹುಡುಗರು ಆರ್ಡರ್‌ಗಾಗಿ ಕಾಯುವ ಹೋಟೆಲು, ಗೋದಾಮುಗಳ ಬಳಿಯೇ ಬರಬೇಕು. ಉಳಿತಾಯವಾದ ಪೆಟ್ರೋಲ್ ಹಣ ಬಾಡಿಗೆಯಲ್ಲಿ ಕರಗಿಹೋಗದೆ, ದುಡಿದವರ ಜೇಬಿಗೇ ಸೇರಬೇಕು.