ಒಂದೇ ಪೆಟ್ಟಿಗೆ, ಮೂರು ದನಿ

1960ರ ದಶಕದ ರಾಕ್ ಗಿಟಾರ್ ವಾದಕರಿಗೆ ಬೇಕಿದ್ದ ನಾದ ಸಿಗುತ್ತಿತ್ತು, ಆದರೆ ಬೇಕಾದ ಕಡೆ ಸಿಗುತ್ತಿರಲಿಲ್ಲ. ತಂತಿ ಮೀಟಿದ ಮೇಲೆ ಸ್ವರ ಸಾಯದೆ ನಿಲ್ಲಬೇಕು, ಅಂಚಿನಲ್ಲಿ ತುಸು ಒರಟಾಗಬೇಕು ಎಂಬುದು ಅವರ ಆಸೆ. ಅಂದಿನ ವಾಲ್ವ್ ಆಂಪ್ಲಿಫೈಯರುಗಳು ಆ ನಾದ ಕೊಡುತ್ತಿದ್ದುದು ವಾಲ್ಯೂಮ್ ಅನ್ನು ಹೆಚ್ಚುಕಮ್ಮಿ ಪೂರ್ತಿ ಏರಿಸಿದಾಗ ಮಾತ್ರ. ಹಾಗೆ ಏರಿಸಿದರೆ ಸಣ್ಣ ಕ್ಲಬ್ಬಿನಲ್ಲಿ ಹಾಡುವವರ ದನಿಯೇ ಮುಳುಗಿಹೋಗುತ್ತಿತ್ತು. ಇಳಿಸಿದರೆ ಗಿಟಾರ್ ಸಪ್ಪೆಯಾಗುತ್ತಿತ್ತು. ಒಂದೇ ಹಾಡಿನಲ್ಲಿ ಪಲ್ಲವಿಗೆ ತಿಳಿಯಾದ ನಾದ, ನಡುವಿನ ಸೋಲೋಗೆ ಉರಿಯುವ ನಾದ ಬೇಕೆಂದರೆ ದಾರಿ ಇನ್ನೂ ಕಷ್ಟದ್ದು.

ಇಂದು ಲಕ್ಷಗಳ ಲೆಕ್ಕದಲ್ಲಿ ಬೆಲೆಬಾಳುವ ಮೂರು ಚಾನೆಲ್ಲಿನ, ಅಂದರೆ ಮೂರು ಬೇರೆಬೇರೆ ನಾದಗಳನ್ನು ಹೊಂದಿಸಿಟ್ಟುಕೊಳ್ಳಬಹುದಾದ, ವಾಲ್ವ್ ಆಂಪ್ಲಿಫೈಯರುಗಳು ಹುಟ್ಟಿದ್ದು ಈ ತೊಡಕಿನಿಂದ. ಆ ತೊಡಕನ್ನು ಹೇಗೆ ಬಿಡಿಸಲಾಯಿತು ಎಂದು ತಿಳಿದವರಿಗೆ ಅಂಥ ಪೆಟ್ಟಿಗೆಯ ಮುಂದೆ ನಿಂತಾಗ ಏನನ್ನು ಪರೀಕ್ಷಿಸಬೇಕು ಎಂಬುದೂ ಗೊತ್ತಾಗುತ್ತದೆ.

ಗಾಜಿನೊಳಗಿನ ಕೆಲಸ

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಜಾಲರಿಯಂಥ ಮೂರನೆಯ ಲೋಹದ ಅಂಗವೊಂದನ್ನು ಸೇರಿಸಿದ. ಕಾದ ತುದಿಯಿಂದ ಹೊರಡುವ ಎಲೆಕ್ಟ್ರಾನುಗಳ ಹರಿವನ್ನು ಆ ಜಾಲರಿ ಹಿಡಿತದಲ್ಲಿಡುತ್ತದೆ. ಅದಕ್ಕೆ ತಾಕಿದ ಸಣ್ಣ ಸಂಕೇತ ಇನ್ನೊಂದು ತುದಿಯಲ್ಲಿ ದೊಡ್ಡದಾಗಿ ಹೊರಬೀಳುತ್ತದೆ. ಇದೇ ವಾಲ್ವ್. ಗಿಟಾರ್ ಆಂಪ್‌ಗಳಲ್ಲಿ ಈಗಲೂ ದುಡಿಯುವ 6ಎಲ್6 ವಾಲ್ವ್ ಅನ್ನು ಆರ್‌ಸಿಎ ಕಂಪನಿ ಹೊರತಂದದ್ದು 1936ರಲ್ಲಿ. ಕನ್ನಡಿಗರಿಗೂ ಈ ಗಾಜಿನ ಬುರುಡೆ ಹೊಸತಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ಗುಂಡಿ ತಿರುಗಿಸಿ, ಬಿಸಿಯಾಗುವವರೆಗೆ ಕಾದು ವಾರ್ತೆ ಕೇಳಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ.

ರೇಡಿಯೊದಿಂದ ವಾಲ್ವ್ ಮರೆಯಾದರೂ ಗಿಟಾರಿನಲ್ಲಿ ಉಳಿದದ್ದಕ್ಕೆ ಕಾರಣವಿದೆ. ಮಿತಿ ಮೀರಿದ ಸಂಕೇತ ಬಂದಾಗ ವಾಲ್ವ್ ಅದನ್ನು ಥಟ್ಟನೆ ಕತ್ತರಿಸುವುದಿಲ್ಲ. ಅಲೆಯ ನೆತ್ತಿಯನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತದೆ. ಆಗ ಮೂಲಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಎಂಜಿನಿಯರುಗಳು ದೋಷವೆಂದು ಎಣಿಸಿದ ಈ ವಿಕೃತಿಯನ್ನೇ ಗಿಟಾರ್ ವಾದಕರು ನಾದವೆಂದು ಆರಿಸಿಕೊಂಡರು. ಬೇಸ್ ಗಿಟಾರಿಗೆಂದು ಲಿಯೋ ಫೆಂಡರ್ ಮಾಡಿದ್ದ ಬೇಸ್‌ಮನ್ ಆಂಪ್ ಅವರ ಅಚ್ಚುಮೆಚ್ಚಾಯಿತು. ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ಕಟ್ಟಿಸಿದ ಮೊದಲ ಆಂಪ್‌ಗೂ ಅದರ ಸರ್ಕ್ಯೂಟೇ ಮಾದರಿ.

ತಮಾಷೆಗೆ ಬಿಚ್ಚಿದ ಪೆಟ್ಟಿಗೆ

ತೊಡಕು ಬಿಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮಿಲ್ ವ್ಯಾಲಿಯ ಪ್ರೂನ್ ಮ್ಯೂಸಿಕ್ ಎಂಬ ಅಂಗಡಿಯಲ್ಲಿ. ಅಲ್ಲಿ ಆಂಪ್ ರಿಪೇರಿ ಮಾಡುತ್ತಿದ್ದ ರ‍್ಯಾಂಡಲ್ ಸ್ಮಿತ್‌ಗೆ 1960ರ ದಶಕದ ಕೊನೆಯಲ್ಲಿ ಒಂದು ಕೀಟಲೆ ಹೊಳೆಯಿತು. ಕಂಟ್ರಿ ಜೋ ಅಂಡ್ ದ ಫಿಶ್ ತಂಡದ ಗಿಟಾರ್ ವಾದಕ ಬ್ಯಾರಿ ಮೆಲ್ಟನ್‌ನ ಪುಟ್ಟ ಫೆಂಡರ್ ಪ್ರಿನ್ಸ್‌ಟನ್ ಆಂಪ್ ಅವನ ಕೈಗೆ ಬಂದಿತ್ತು. ಮನೆಯಲ್ಲಿ ಅಭ್ಯಾಸಕ್ಕೆ ಸಾಕೆನಿಸುವ, ಹತ್ತಿಂಚು ಸ್ಪೀಕರಿನ ಪೆಟ್ಟಿಗೆ. ಸ್ಮಿತ್ ಅದರ ಒಳಗನ್ನೆಲ್ಲ ಕಿತ್ತು ಬೇಸ್‌ಮನ್ ಮಾದರಿಯ ಸರ್ಕ್ಯೂಟ್, ದೊಡ್ಡ ಟ್ರಾನ್ಸ್‌ಫಾರ್ಮರ್, ಹನ್ನೆರಡು ಇಂಚಿನ ಜೆಬಿಎಲ್ ಸ್ಪೀಕರ್ ತುರುಕಿದ. ಹೊರಗಿನಿಂದ ನೋಡಿದರೆ ಅದೇ ಪುಟ್ಟ ಆಂಪ್. ಅಂಗಡಿಯಲ್ಲಿ ಅದನ್ನು ನುಡಿಸಿ ನೋಡಿದವರಲ್ಲಿ ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಕೂಡ ಒಬ್ಬ. ಬೆರಗಾಗಿ ಅವನಾಡಿದ ಮಾತಿನಿಂದಲೇ ‘ಬೂಗಿ’ ಎಂಬ ಹೆಸರು ಅಂಟಿಕೊಂಡಿತು. ಸ್ಮಿತ್ ಕಟ್ಟಿದ ಕಂಪನಿ ಮೆಸಾ/ಬೂಗಿ.

ಆದರೂ ಅದು ಇನ್ನೂ ಜೋರು ದನಿಯ ಸಣ್ಣ ಪೆಟ್ಟಿಗೆ, ಅಷ್ಟೇ. ನಿಜವಾದ ತಿರುವು ಬಂದದ್ದು ಲೀ ಮೈಕಲ್ಸ್ ಎಂಬ ಸಂಗೀತಗಾರನಿಗೆ ಪ್ರೀಆಂಪ್, ಅಂದರೆ ಪವರ್ ಆಂಪ್‌ಗೆ ಮುನ್ನ ಸಂಕೇತವನ್ನು ಹಿಗ್ಗಿಸುವ ಭಾಗ, ಮಾಡಿಕೊಡುವಾಗ. ಅವನ ಹೊಸ ಕ್ರೌನ್ ಪವರ್ ಆಂಪ್‌ಗಳಿಗೆ ಎಷ್ಟು ಸಂಕೇತ ಬೇಕಾದೀತೆಂದು ಸ್ಮಿತ್‌ಗೆ ಅಂದಾಜಿರಲಿಲ್ಲ. ಎಷ್ಟಾದರೂ ಸಾಲಲಿ ಎಂದು ವಾಲ್ವಿನ ಒಂದು ಹಂತ ಹೆಚ್ಚಿಗೆ ಸೇರಿಸಿ, ನಡುನಡುವೆ ವಾಲ್ಯೂಮ್ ನಿಯಂತ್ರಣ ಇಟ್ಟ. ಮಲೆನಾಡಿನ ಗದ್ದೆಗಳಲ್ಲಿ ಮೇಲಿನ ಮಡಿ ತುಂಬಿ ಉಕ್ಕಿದ ನೀರು ಕೆಳಗಿನ ಮಡಿಗೆ ಇಳಿಯುವಂತೆ, ಒಂದು ಹಂತದಲ್ಲಿ ಉಕ್ಕಿದ ಸಂಕೇತ ಮುಂದಿನದಕ್ಕೆ ಇಳಿದು ಅಲ್ಲಿಯೂ ಉಕ್ಕಿತು. ಕೊನೆಯಲ್ಲಿದ್ದ ಮಾಸ್ಟರ್ ವಾಲ್ಯೂಮ್ ಎಂಬ ತೂಬು ಹೊರಗೆ ಎಷ್ಟು ಬಿಡಬೇಕೆಂದು ತೀರ್ಮಾನಿಸಿತು. ವಿಕೃತಿ ಎಷ್ಟಿರಬೇಕು, ಸದ್ದು ಎಷ್ಟಿರಬೇಕು ಎಂಬ ಎರಡು ಪ್ರಶ್ನೆಗಳು ಬೇರೆಬೇರೆಯಾದವು. ಮೆಸಾ/ಬೂಗಿಯ 1970ರ ದಶಕದ ಮಾರ್ಕ್ ಒನ್ ಆಂಪ್ ಈ ತತ್ವದ ಮೇಲೆ ನಿಂತಿತು.

ಚಾನೆಲ್ಲುಗಳ ಬಾಳಾಟ

ವಿಕೃತಿ, ಸದ್ದು ಎರಡೂ ಬೇರೆಯಾದ ಮೇಲೆ ಕಾಲಿನಿಂದ ಗುಂಡಿ ಒತ್ತಿ ತಿಳಿನಾದದಿಂದ ಉರಿನಾದಕ್ಕೆ ಹಾರುವ ಮಾರ್ಕ್ ಟೂ ಬಂತು. ಅದರ ಮೊದಲ ರೂಪಗಳಲ್ಲಿ ಚಾನೆಲ್ ಬದಲಾಗುವಾಗ ಸ್ಪೀಕರಿನಲ್ಲಿ ‘ಟಪ್’ ಎನ್ನುತ್ತಿತ್ತು. ಮುಂದೆ ಬೆಳಕಿಗೆ ಸ್ಪಂದಿಸುವ ರೋಧಕಗಳನ್ನು ಬಳಸಿ ಆ ಸದ್ದನ್ನು ತಗ್ಗಿಸಿದರು. 1980ರ ದಶಕದ ಮಧ್ಯದ ಮಾರ್ಕ್ ಟೂ-ಸಿ ಪ್ಲಸ್ ಇಂದು ಸಂಗ್ರಾಹಕರ ಕನಸು. ಅಸಲಿ ಎಂಬುದಕ್ಕೆ ಗುರುತು, ಹಿಂಬದಿಯಲ್ಲಿ ಕರೆಂಟ್ ವೈರ್ ಒಳಹೋಗುವ ತೂತಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಕೈಯಾರೆ ಎಳೆದ ಒಂದು ಕೂಡು ಚಿಹ್ನೆ. ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್‌ನ ಗಿಟಾರ್ ಹಿಂದೆ ಇದೇ ಆಂಪ್‌ನ ಕೈವಾಡವಿದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡವನ್ನು ಕೇಳಲು ನೆರೆದ ಯುವಕರು ಬೆಳೆದದ್ದು ಅಂಥ ಧ್ವನಿಮುದ್ರಣಗಳನ್ನು ಕೇಳಿಯೇ.

1985ರ ಮಾರ್ಕ್ ತ್ರೀ ಮೂರು ನಾದಗಳನ್ನು ಕೊಟ್ಟಿತು, ಆದರೆ ಟ್ರೆಬಲ್, ಬೇಸ್ ತಿರುಪುಗಳು ಮೂರಕ್ಕೂ ಒಂದೇ. ಸೋಲೋಗೆ ಸರಿಹೊಂದಿಸಿದರೆ ತಿಳಿನಾದ ತೆಳ್ಳಗಾಗುತ್ತಿತ್ತು; ತಿಳಿನಾದವನ್ನು ತುಂಬಿಸಿಕೊಟ್ಟರೆ ಸೋಲೋ ಮಸುಕಾಗುತ್ತಿತ್ತು. ಮಾರ್ಕ್ ಫೋರ್ ಈ ಜಗಳವನ್ನು ಬಹುಮಟ್ಟಿಗೆ ಬಿಡಿಸಿತು. ಪೂರ್ತಿ ಬಿಡಿಸಿದ್ದು 2009ರ ಮಾರ್ಕ್ ಫೈವ್: ಮೂರು ಚಾನೆಲ್, ಪ್ರತಿಯೊಂದಕ್ಕೂ ತನ್ನದೇ ತಿರುಪುಗಳ ಸಾಲು, ಪ್ರತಿಯೊಂದರಲ್ಲೂ ಮೂರು ಬಗೆ. ಒಳಗೆ ನಾಲ್ಕು 6ಎಲ್6 ಪವರ್ ವಾಲ್ವ್, ಏಳು 12ಎಎಕ್ಸ್7 ಪ್ರೀಆಂಪ್ ವಾಲ್ವ್. ಶಕ್ತಿಯನ್ನು 90 ವಾಟ್‌ನಿಂದ 45ಕ್ಕೆ, 10ಕ್ಕೆ ಇಳಿಸಬಹುದು.

ಹಣ ಎಣಿಸುವ ಮುನ್ನ

ಇಂಥ ಆಂಪ್‌ಗೆ ಬೆಲೆ ಕಟ್ಟಬೇಕಾದದ್ದು ಗುಂಡಿಗಳನ್ನು ಎಣಿಸಿ ಅಲ್ಲ. ಮೊದಲು ಸದ್ದು ತಗ್ಗಿಸಿ ಕೇಳಬೇಕು. ಮಾಸ್ಟರ್ ಕೆಳಗಿದ್ದಾಗಲೂ ಸೋಲೋ ಚಾನೆಲ್ಲಿನ ಸ್ವರ ದಪ್ಪವಾಗಿ ನಿಂತರೆ, ಸ್ಮಿತ್ ಹುಡುಕಿದ್ದು ಅದರಲ್ಲಿದೆ ಎಂದರ್ಥ. ಆಮೇಲೆ ಆಂಪ್ ಮುಟ್ಟದೆ ಗಿಟಾರಿನ ವಾಲ್ಯೂಮ್ ಮಾತ್ರ ಇಳಿಸಬೇಕು. ಒರಟುತನ ಕರಗಿ ಸ್ವರ ತಿಳಿಯಾಗಬೇಕು. ಮೆಲ್ಲಗೆ ಮೀಟಿದ್ದಕ್ಕೂ ಬಿರುಸಾಗಿ ಮೀಟಿದ್ದಕ್ಕೂ ವ್ಯತ್ಯಾಸ ಕೇಳದ ಆಂಪ್ ಎಷ್ಟೇ ದುಬಾರಿಯಾದರೂ ಬೇಡ.

ಮೂರೂ ಚಾನೆಲ್ಲುಗಳನ್ನು ಒಂದೇ ಮಟ್ಟದ ಸದ್ದಿಗೆ ತಂದು ಕಾಲಿನಿಂದ ಬದಲಿಸಿ ನೋಡಬೇಕು. ಅಂಗಡಿಯಲ್ಲಿ ಒಂದೊಂದನ್ನೇ ಬಿಡಿಯಾಗಿ ಕೇಳಿದರೆ ಎಲ್ಲವೂ ಚೆಂದ. ಹಾಡಿನ ನಡುವೆ ಒಂದರಿಂದ ಇನ್ನೊಂದಕ್ಕೆ ಹೋದಾಗ ಸ್ವರ ತುಂಡಾಗುತ್ತದೆಯೇ, ಸದ್ದು ಕುಸಿಯುತ್ತದೆಯೇ ಎಂಬುದೇ ಬಹುಚಾನೆಲ್ ಆಂಪ್‌ನ ಅಸಲಿ ಪರೀಕ್ಷೆ.

ಮಾರ್ಕ್ ಸರಣಿಯ ಐದು ಸ್ಲೈಡರುಗಳ ಈಕ್ವಲೈಜರ್ ವಿಶೇಷ ಗಮನಕ್ಕೆ ಅರ್ಹ. ಈ ಆಂಪ್‌ಗಳಲ್ಲಿ ಬೇಸ್ ತಿರುಪು ವಿಕೃತಿ ಹುಟ್ಟುವ ಹಂತಗಳಿಗಿಂತ ಮೊದಲೇ ಇದೆ. ಅಲ್ಲಿ ಬೇಸ್ ಏರಿಸಿದರೆ ಸ್ವರ ಕಲಸಿಹೋಗುತ್ತದೆ. ಹಾಗಾಗಿ ಅಲ್ಲಿ ಇಳಿಸಿಟ್ಟು, ಕೊನೆಯಲ್ಲಿ 80 ಹರ್ಟ್ಸ್‌ನ ಸ್ಲೈಡರಿನಿಂದ ತುಂಬಿಕೊಳ್ಳುತ್ತಾರೆ. 750 ಹರ್ಟ್ಸ್‌ನದನ್ನು ತೀರಾ ಇಳಿಸಿದರೆ ಒಬ್ಬರೇ ನುಡಿಸುವಾಗ ಭವ್ಯವೆನಿಸುತ್ತದೆ, ಡ್ರಮ್ಸ್ ಮತ್ತು ಬೇಸ್ ಸೇರಿದೊಡನೆ ಗಿಟಾರೇ ಕೇಳಿಸದು. ತಂಡದ ಜೊತೆ ನುಡಿಸದೆ ಇದನ್ನು ತೀರ್ಮಾನಿಸಬಾರದು.

ಹಳೆಯ ಆಂಪ್ ಕೊಳ್ಳುವವರು ವಿದೇಶದಿಂದ ಬಂದದ್ದು 120 ವೋಲ್ಟಿನದೋ ನಮ್ಮ 230ಕ್ಕೆ ಹೊಂದುವುದೋ ಎಂದು ಹಿಂಬದಿಯಲ್ಲಿ ಓದಿಕೊಳ್ಳಬೇಕು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ, ಗೊತ್ತಿಲ್ಲದವರು ಬಿಚ್ಚಲೇಬಾರದು.

2021ರಲ್ಲಿ ಮೆಸಾ/ಬೂಗಿ ಗಿಬ್ಸನ್ ಕಂಪನಿಯ ಪಾಲಾಯಿತು, 2023ರಲ್ಲಿ ಮಾರ್ಕ್ ಸೆವೆನ್ ಬಂತು. ವಾಲ್ವ್ ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲಿ ಕೆಲವೇ ಉಳಿದಿವೆ. ಕೈಚೀಲದಲ್ಲಿ ಹಿಡಿಸುವ ಡಿಜಿಟಲ್ ಸಾಧನಗಳು ನೂರಾರು ಆಂಪ್‌ಗಳನ್ನು ಅನುಕರಿಸುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವವರಿಗೆ ಅವು ಧಾರಾಳ ಸಾಕು. ಆದರೆ ವೇದಿಕೆಯಲ್ಲಿ ತಂಡದೊಂದಿಗೆ ನಿಲ್ಲುವ, ಬೆರಳಿನ ಸಣ್ಣ ಒತ್ತಡವೂ ಕೇಳಬೇಕೆಂದು ಬಯಸುವ ವಾದಕರಿಗೆ ಈ ಭಾರದ ಪೆಟ್ಟಿಗೆ ಇನ್ನೂ ತಕ್ಕ ಹೂಡಿಕೆ. ಅವರು ಮೂರು ಚಾನೆಲ್ಲಿಗಾಗಿ ಹಣ ಕೊಡಬೇಕಾಗಿಲ್ಲ. ಮೂರರಲ್ಲೂ ತಮ್ಮ ಕೈ ಕೇಳಿಸಿದರೆ ಮಾತ್ರ ಕೊಡಬೇಕು.