ಪೈಥಾನಿನ ಸಾರ್ವಜನಿಕ ಹಗೇವು

ನಮ್ಮ ಸೀಮೆಯ ವಾಚಕರಿಗೆ ಹಗೇವಿನ ವಿಷಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೆಲದಲ್ಲಿ ಅಗೆದ ಆ ಕಣಜದಲ್ಲಿ ಜೋಳವು ವರ್ಷಗಟ್ಟಲೆ ಉಳಿಯುವದು. ಆದರೆ ಒಳಗೆ ನೀರು ಹೊಕ್ಕಿತೆಂದರೆ ಬಾಯಿ ತೆರೆಯುವ ತನಕ ಯಾರಿಗೂ ತಿಳಿಯದು. ಗಣಕಯಂತ್ರಗಳಿಗೆ ಆಜ್ಞೆ ಬರೆಯುವ ಪೈಥಾನ್ ಎಂಬ ಭಾಷೆಗೂ ಇಂಥದೊಂದು ಹಗೇವುಂಟು. ಅದಕ್ಕೆ ಪೈಪಿಐ ಎಂದು ಹೆಸರು. 2003ರಲ್ಲಿ ಆರಂಭವಾದ ಈ ಭಂಡಾರದಲ್ಲಿ ಇಂದು 5 ಲಕ್ಷಕ್ಕೂ ಮಿಕ್ಕಿ ಕಟ್ಟುಗಳಿವೆ. ಒಬ್ಬನು ಬರೆದಿಟ್ಟುದನ್ನು ಮತ್ತೊಬ್ಬನು ಕಾಸು ಕೊಡದೆ ತೆಗೆದುಕೊಳ್ಳಬಹುದು. ಧಾರವಾಡದ ವಿದ್ಯಾರ್ಥಿಗೂ ಪರದೇಶದ ಪಂಡಿತನಿಗೂ ಅಲ್ಲಿ ಪಂಕ್ತಿಭೇದವಿಲ್ಲ. ಇದು ಸಣ್ಣ ಉಪಕಾರವಲ್ಲ.

ಆದರೆ ಒಯ್ಯುವವನಿಗೆ ತಡೆಯಿಲ್ಲದಂತೆ ತಂದಿಡುವವನಿಗೂ ತಡೆಯಿಲ್ಲ. ಬಲ್ಲವರು ಓದಿ ಒಪ್ಪಿದ ಮೇಲೆಯೇ ಕಟ್ಟನ್ನು ಒಳಗೆ ಬಿಡುವ ಪದ್ಧತಿ ಅಲ್ಲಿಲ್ಲ. 2017ರಲ್ಲಿ ಸ್ಲೊವಾಕಿಯಾ ದೇಶದ ಭದ್ರತಾ ಇಲಾಖೆಯವರು, ಹೆಸರುವಾಸಿಯಾದ ಕಟ್ಟುಗಳ ಹೆಸರನ್ನೇ ತುಸು ತಿರುಚಿ ಇರಿಸಿದ್ದ 10 ಕಳ್ಳ ಕಟ್ಟುಗಳನ್ನು ಬಯಲಿಗೆಳೆದರು. 2023ರ ಮೇ ತಿಂಗಳಲ್ಲಿ ಇಂಥ ಸರಕು ಎಷ್ಟು ನುಗ್ಗಿತೆಂದರೆ ಹೊಸಬರ ನೋಂದಣಿಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. 2024ರ ಆರಂಭದಿಂದ ಗುಪ್ತಪದದ ಜೊತೆಗೆ ಎರಡನೆಯ ಗುರುತನ್ನು ಕಡ್ಡಾಯ ಮಾಡಿದುದು ಯೋಗ್ಯವೇ. ಪರರ ಖಾತೆ ಕದಿಯುವದು ಇದರಿಂದ ಕಠಿಣವಾಯಿತು. ತನ್ನ ಹೆಸರಿನಲ್ಲಿಯೇ ಹುಳುಕು ತಂದಿಡುವವನನ್ನು ಅದು ತಡೆಯಲಾರದು.

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಸಂಘವೆಂದ ಮೇಲೆ ಲೆಕ್ಕ ತಪಾಸಣೆ ಮಾಡುವವರುಂಟು. ಲೋಕವೇ ನೆಚ್ಚಿದ ಈ ಭಂಡಾರದ ಒಂದೊಂದು ಕಟ್ಟಿಗೂ ಅಂಥ ತಪಾಸಣೆ ಎಲ್ಲಿಂದ ಬರಬೇಕು? ಅದನ್ನು ನಡೆಯಿಸುವ ಪೈಥಾನ್ ಪ್ರತಿಷ್ಠಾನವು ಲಾಭಕ್ಕಾಗಿ ಹುಟ್ಟಿದ ಸಂಸ್ಥೆಯಲ್ಲ. ದುಡಿಯುವ ಕೈಗಳೂ ಕೆಲವೇ. ಇದರ ಮೇಲೆ ಕೋಟಿಗಟ್ಟಲೆ ಗಳಿಸುವ ಕಂಪನಿಗಳು ತಮ್ಮ ಪಾಲಿನ ಹೊಣೆಯನ್ನು ಹೊರಬೇಡವೆ?

ಪರರಿಗೆ ಹೇಳುವ ಮೊದಲು ನಮ್ಮ ಮನೆಯ ಸಂಗತಿ. ನುಡಿ ಅಕ್ಷರಗಳಲ್ಲಿದ್ದ ಹಳೆಯ ಲೇಖನಗಳನ್ನು ಯೂನಿಕೋಡಿಗೆ ತಿರುಗಿಸಲು ನಮ್ಮ ಕಚೇರಿಯ ತರುಣನೊಬ್ಬನು ಈ ಭಂಡಾರದಿಂದಲೇ ಒಂದು ಕಟ್ಟನ್ನು ತಂದನು. ತಿಂಗಳ ಕೆಲಸವು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆದರೆ ಅರ್ಕಾವತ್ತು ಸ್ಥಾನ ತಪ್ಪಿ, 'ಕರ್ನಾಟಕ'ವೆಂಬ ಹೆಸರೇ ಪುಟಪುಟದಲ್ಲಿಯೂ ಒಡೆದು ಬಂದಿತು! ಏಕೀಕರಣಕ್ಕಾಗಿ ದುಡಿದ ನಾಡಿನ ಪತ್ರಿಕೆಗೆ ಇದಕ್ಕಿಂತ ದೊಡ್ಡ ಅಪಹಾಸ್ಯವುಂಟೆ? ಕಟ್ಟಿನ ಕರ್ತೃವು ವರ್ಷಗಳಿಂದ ಅದರತ್ತ ನೋಡಿದಂತಿರಲಿಲ್ಲ. ಹುಡುಗನು ಜಾಣ, ತಾನೇ ತಿದ್ದಿಕೊಂಡನು. ತಿದ್ದುಪಡಿಯು ಮಾತ್ರ ನಮ್ಮ ಯಂತ್ರದಲ್ಲಿಯೇ ಉಳಿಯಿತು.

ಹುಬ್ಬಳ್ಳಿ-ಧಾರವಾಡದ ಯಂತ್ರವಿದ್ಯಾ ಕಾಲೇಜುಗಳಲ್ಲಿ ಕಟ್ಟು ತರುವದನ್ನು ಕಲಿಸುತ್ತಾರೆ. ತಂದುದರ ಆವೃತ್ತಿಯನ್ನು ಬರೆದಿಡುವದು, ಹೆಸರನ್ನು ಅಕ್ಷರಶಃ ನೋಡುವದು, ತಿದ್ದಿದುದನ್ನು ಮರಳಿಸುವದು ಇವೂ ಪಾಠದಲ್ಲಿ ಸೇರಬೇಕೆಂದು ಅಧ್ಯಾಪಕರನ್ನು ಪ್ರಾರ್ಥಿಸುತ್ತೇವೆ. ನಮ್ಮ ತಿದ್ದುಪಡಿಯನ್ನು ಆ ಕರ್ತೃವಿಗೆ ಈ ವಾರವೇ ಕಳುಹಿಸಲು ತರುಣನಿಗೆ ಹೇಳಿದ್ದೇವೆ.