ಅಣಬೆಯ ಬುಡ

ಆರಿದ್ರಾ ಮಳೆಯು ನಾಲ್ಕಾರು ದಿನ ಸುರಿದು ನಡುವೆ ಒಂದು ಹೊತ್ತು ಬಿಸಿಲು ಕಾಣಿಸಿತೆಂದರೆ, ಮಲೆನಾಡಿನ ಮನೆಗಳಲ್ಲಿ ಮಕ್ಕಳನ್ನು ತಡೆದು ನಿಲ್ಲಿಸುವುದು ಕಷ್ಟ. ಹುತ್ತದ ಬಳಿ ಅಣಬೆ ಎದ್ದಿದೆಯೆಂಬ ಸುದ್ದಿಯು ಎಲ್ಲಿಂದಲೋ ಬಂದೇ ಬರುವುದು. ತೀರ್ಥಹಳ್ಳಿಯ ಸೀಮೆಯ ನಮ್ಮ ಮನೆಯಲ್ಲಿಯೂ ಇದು ವರ್ಷವರ್ಷದ ಸಂಭ್ರಮ.

ಸಂಸ್ಕೃತದಲ್ಲಿ ಅಣಬೆಗೆ ಛತ್ರಾಕ, ಶಿಲೀಂಧ್ರ, ಕವಕ ಎಂಬ ಹೆಸರುಗಳುಂಟು. ಮೇಘಗರ್ಜನೆಗೆ ಶಿಲೀಂಧ್ರಗಳು ನೆಲವನ್ನು ಸೀಳಿ ಏಳುವುದನ್ನು ಕಾಳಿದಾಸನು ಮೇಘದೂತದಲ್ಲಿ ಸೂಚಿಸಿರುವನು. ಮನುಸ್ಮೃತಿಯಾದರೋ ದ್ವಿಜರಿಗೆ ಛತ್ರಾಕವನ್ನು ನಿಷೇಧಿಸಿರುವುದು; ಆ ನಿಷೇಧವು ನಮ್ಮ ಮನೆಯ ಒಲೆಯವರೆಗೆ ಎಂದೂ ಬಂದುದಿಲ್ಲ. ಇವೆರಡನ್ನೂ ಓದಿದ ನಮಗೆ ಅಣಬೆಯ ವಿಷಯದಲ್ಲಿ ಗುರುವಾದವರು ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅತ್ತಿಗೆಯವರು.

ಗೆದ್ದಲುಗಳು ಒಣಗಿದ ಎಲೆಕಡ್ಡಿಗಳನ್ನು ಜಗಿದು ಹುತ್ತದೊಳಗೆ ರಂಧ್ರಮಯವಾದ ಗೂಡನ್ನು ಕಟ್ಟಿ, ಅದರಲ್ಲಿ ತಮ್ಮ ಆಹಾರಕ್ಕಾಗಿ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆ ಬಿದ್ದಾಗ ಅದೇ ನೆಲದ ಮೇಲೆ ಕೊಡೆಯಾಗಿ ಅರಳುವುದು. ಆದುದರಿಂದಲೇ ಹುತ್ತದ ಅಣಬೆಯನ್ನು ಮೆಲ್ಲನೆ ಕಿತ್ತರೆ ಇಲಿಯ ಬಾಲದಂತೆ ನೀಳವಾದ ಬುಡವು ಮಣ್ಣಿನಿಂದ ಹೊರಬರುವುದು.

ಕಳೆದ ಮಳೆಗಾಲದಲ್ಲಿ ಎಂಟು ವರ್ಷದ ಮೊಮ್ಮಗನು ಬೇಲಿಯಾಚೆಯಿಂದ ಐದಾರು ಬಿಳಿಯ ಅಣಬೆಗಳನ್ನು ತಂದು, “ಅಜ್ಜಯ್ಯ, ಇದೂ ಅದೇ ಅಲ್ಲವೆ?” ಎಂದನು. ಬಿಳುಪನ್ನು ಕಂಡು ನಾವು ತಲೆಯಾಡಿಸಿದೆವು. ಬುಟ್ಟಿಯನ್ನು ಜಗಲಿಯಲ್ಲಿ ಮೊರಕ್ಕೆ ಸುರಿದಾಗ ಅತ್ತಿಗೆಯವರು ಒಂದನ್ನೆತ್ತಿ, “ಮೇಷ್ಟ್ರೆ, ಇದರ ಬುಡವೆಲ್ಲಿ?” ಎಂದು ಕೇಳಿದರು. ಹುಡುಗನು ಕಾಂಡವನ್ನು ಮುರಿದು ತಂದಿದ್ದನು. ಅವರು ಕೋಲು ಹಿಡಿದು ಅಲ್ಲಿಗೇ ನಡೆದು ಮಣ್ಣನ್ನು ಕೆದಕಿದರು. ಉಳಿದ ಬುಡವು ಒಡೆದ ಮೊಟ್ಟೆಯ ಚಿಪ್ಪಿನಂತಹ ಬಟ್ಟಲಲ್ಲಿ ಕುಳಿತಿತ್ತು!

ಚೂರುಗಳು ಬೆರೆತಿದ್ದುದರಿಂದ ಬುಟ್ಟಿಯಷ್ಟೂ ಗುಂಡಿಯ ಪಾಲಾಯಿತು. ಮಕ್ಕಳು ಅತ್ತರು. ಆ ರಾತ್ರಿ ಹುರುಳಿ ಸಾರಿನ ಊಟ.

ಬುಡದಲ್ಲಿ ಇಂತಹ ಬಟ್ಟಲುಳ್ಳ ಅಮಾನಿಟ ಕುಲದ ಕೆಲವು ಅಣಬೆಗಳು ಪ್ರಾಣಾಂತಕವಾದವು. ತಿಂದ 6 ಗಂಟೆಗಳವರೆಗೆ, ಅನೇಕ ವೇಳೆ ಇನ್ನೂ ಹೆಚ್ಚು ಕಾಲ, ಏನೂ ತೋರದು. ಅನಂತರ ವಾಂತಿಭೇದಿಗಳಾಗಿ, ನಡುವೆ ವಾಸಿಯಾದಂತೆ ತೋರಿ, ಕಡೆಗೆ ಯಕೃತ್ತು ಕೆಡುವುದು. ಬೇಯಿಸಿದರೂ ಆ ವಿಷವು ಹೋಗದು. ಬೆಳ್ಳಿಯ ಚಮಚವೋ ಬೆಳ್ಳುಳ್ಳಿಯೋ ಕಪ್ಪಾಗದಿದ್ದರೆ ತಿನ್ನಬಹುದೆಂಬುದೂ, ಹುಳು ತಿಂದುದನ್ನು ಮನುಷ್ಯನೂ ತಿನ್ನಬಹುದೆಂಬುದೂ ಸುಳ್ಳು ನಂಬಿಕೆಗಳು.

ಗೃಹಿಣಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ಬರಹವನ್ನು ನೆಚ್ಚಿ ಯಾರೂ ಅಣಬೆಗೆ ಹೊರಡಬಾರದು, ಬಲ್ಲವರೊಡನೆಯೇ ಹೋಗಬೇಕು. ಬುಡಸಹಿತ ಕೀಳಬೇಕು, ಗುರುತಿಲ್ಲದುದನ್ನು ಬುಟ್ಟಿಗೆ ಸೇರಿಸಬಾರದು, ಸಂದೇಹ ಬಂದರೆ ಎಸೆಯಬೇಕು. ತಿಂದಮೇಲೆ ಸಂದೇಹ ಬಂದರೆ ಕಾಯದೆ, ಉಳಿದ ಚೂರಿನೊಡನೆ ಆಸ್ಪತ್ರೆಗೆ ಧಾವಿಸಬೇಕು.

ಅತ್ತಿಗೆಯವರ ಕಣ್ಣು ಈಗ ಮಸುಕಾಗಿದೆ. ಮೊಮ್ಮಗನು ಒಂದೊಂದನ್ನೂ ನೋಡಿ ಹೇಳುವನು, ಅವರು ಬುಡವನ್ನು ಬೆರಳಿನಿಂದ ಸವರುವರು. ಇಬ್ಬರೂ ಒಪ್ಪಿದುದು ಮಾತ್ರ ಮೊರಕ್ಕೆ. ನಾವು ಬುಟ್ಟಿಯನ್ನು ಹಿಡಿದು ಪಕ್ಕದಲ್ಲಿ ನಿಂತಿರುತ್ತೇವೆ.